ಅದೇ ಎರಡು ಗ್ರಾಂ

ಒಂದೇ ವಾರ್ಡಿನಲ್ಲಿ ಇಬ್ಬರು ರೋಗಿಗಳಿದ್ದಾರೆ ಅಂದುಕೊಳ್ಳಿ. ಇಬ್ಬರ ರಕ್ತದಲ್ಲೂ ಎಂಆರ್‌ಎಸ್‌ಎ ಎಂಬ ಹಟಮಾರಿ ಬ್ಯಾಕ್ಟೀರಿಯಾ. ಇಬ್ಬರಿಗೂ ವ್ಯಾಂಕೊಮೈಸಿನ್, ದಿನಕ್ಕೆ 2 ಗ್ರಾಂ. ಔಷಧದ ಆಯ್ಕೆಯಲ್ಲಿ ತಪ್ಪಿಲ್ಲ. ಆದರೂ ಒಬ್ಬರು ಗುಣವಾಗಿ ಮನೆಗೆ ಹೋಗಬಹುದು, ಇನ್ನೊಬ್ಬರ ಕಿಡ್ನಿ ಕೈಕೊಡಬಹುದು.

ಲೆಕ್ಕ ಸುಲಭ, ಮಾಡಿಯೇ ನೋಡೋಣ. ವ್ಯಾಂಕೊಮೈಸಿನ್ ಮೈಯಿಂದ ಹೊರಗೆ ಹೋಗುವ ದಾರಿ ಮುಖ್ಯವಾಗಿ ಕಿಡ್ನಿ. ಮೊದಲನೆಯವರ ದೇಹ ಗಂಟೆಗೆ 4 ಲೀಟರ್ ರಕ್ತದ್ರವದಿಂದ ಔಷಧವನ್ನು ತೆಗೆದುಹಾಕುತ್ತದೆ. 2000 ಮಿಲಿಗ್ರಾಂ ಅನ್ನು 4ರಿಂದ ಭಾಗಿಸಿದರೆ 500. ರಕ್ತದಲ್ಲಿ ಔಷಧ ಏರಿ ಇಳಿಯುವುದನ್ನು ಗ್ರಾಫ್ ಹಾಳೆಯಲ್ಲಿ ಬರೆದರೆ, ಆ ಗೆರೆಯ ಕೆಳಗಿನ 24 ಗಂಟೆಯ ಜಾಗ ಇದು. ಇದಕ್ಕೆ ಎಯುಸಿ ಅನ್ನುತ್ತಾರೆ. ಅಮೆರಿಕದ 2020ರ ಮಾರ್ಗಸೂಚಿ ಪ್ರಕಾರ ಇದು 400ರಿಂದ 600ರ ನಡುವೆ ಇರಬೇಕು. ಸರಿಹೋಯಿತು.

ಎರಡನೆಯವರಿಗೆ ವಯಸ್ಸಾಗಿದೆ, ಕಿಡ್ನಿ ಸುಸ್ತಾಗಿದೆ. ಗಂಟೆಗೆ 2 ಲೀಟರ್ ಅಷ್ಟೇ. ಅದೇ 2000, ಈಗ 2ರಿಂದ ಭಾಗಿಸಿ. 1000! ಇಷ್ಟು ಜಾಸ್ತಿಯಾದ ಔಷಧ ಕಿಡ್ನಿಯನ್ನೇ ಪೆಟ್ಟು ಮಾಡುತ್ತದೆ. ಪೆಟ್ಟು ಬಿದ್ದ ಕಿಡ್ನಿ ಔಷಧವನ್ನು ಇನ್ನೂ ನಿಧಾನವಾಗಿ ಹೊರಹಾಕುತ್ತದೆ. ಆಗ ಅದು ಇನ್ನಷ್ಟು ಶೇಖರವಾಗುತ್ತದೆ. ಹಾಗಂತ ಹೆದರಿ ಡೋಸು ತೀರಾ ಇಳಿಸಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಈ ಲೆಕ್ಕ ಡಾಕ್ಟರದ್ದಲ್ಲ. ಅವರು ವ್ಯಾಂಕೊಮೈಸಿನ್ ಬೇಕು ಅಂತ ಬರೆದು, ಡೋಸು ಫಾರ್ಮಸಿಯವರು ನೋಡಿಕೊಳ್ಳಲಿ ಅನ್ನುತ್ತಾರೆ. ಫಾರ್ಮಸಿಸ್ಟ್ ಎರಡು ಸಲ ರಕ್ತ ತೆಗೆಸುತ್ತಾರೆ. ಡ್ರಿಪ್ ಮುಗಿದು ಒಂದೆರಡು ಗಂಟೆಗೆ ಒಮ್ಮೆ, ಮುಂದಿನ ಡೋಸಿಗೆ ಸ್ವಲ್ಪ ಮುಂಚೆ ಇನ್ನೊಮ್ಮೆ. ಆ ಎರಡು ಅಂಕಿ ಸಿಕ್ಕರೆ ಈ ರೋಗಿಯ ಕಿಡ್ನಿ ಎಷ್ಟು ಚುರುಕು ಅಂತ ಗೊತ್ತಾಗುತ್ತದೆ.

ಫಾರ್ಮಸಿಸ್ಟ್ ಅಂದರೆ ನಮಗೆ ನೆನಪಾಗುವುದು ಮೂಲೆಯ ಮೆಡಿಕಲ್ ಶಾಪು, ಕತ್ತರಿ ಹಿಡಿದು ಮಾತ್ರೆಯ ಸ್ಟ್ರಿಪ್ ಕತ್ತರಿಸುವ ಕೈ. ಅಮೆರಿಕದಲ್ಲೂ ಆಸ್ಪತ್ರೆಯ ಫಾರ್ಮಸಿಸ್ಟ್ ಬಹಳ ಕಾಲ ಕೆಳಗಿನ ಔಷಧ ಕೋಣೆಯಲ್ಲೇ ಇದ್ದರು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೆಲವರನ್ನು ಒಂಬತ್ತನೇ ಮಹಡಿಯ ಸರ್ಜರಿ ವಾರ್ಡಿಗೇ ಕಳಿಸಿ ಕೂರಿಸಿದರು. ರೋಗಿ ಕಣ್ಣೆದುರು, ಡಾಕ್ಟರು ಪಕ್ಕದಲ್ಲಿ. ಕ್ಲಿನಿಕಲ್ ಫಾರ್ಮಸಿಯ ಕತೆ ಹೇಳುವವರು ಈಗಲೂ ಆ ಒಂಬತ್ತನೇ ಮಹಡಿಯಿಂದಲೇ ಶುರು ಮಾಡುತ್ತಾರೆ.

ಇವತ್ತು ಅಲ್ಲಿ ಸೋಂಕು ರೋಗಗಳ ಫಾರ್ಮಸಿಸ್ಟ್ ಆಗಬೇಕಾದರೆ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿಯೊಂದೇ ಸಾಮಾನ್ಯವಾಗಿ ಸಾಲದು. ಅದಾದ ಮೇಲೆ ಒಂದು ವರ್ಷ ಬೇರೆ ಬೇರೆ ವಿಭಾಗಗಳನ್ನು ಸುತ್ತುವ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತ ಕಲಿಯುವ ತರಬೇತಿ, ನಂತರ ಇನ್ನೊಂದು ವರ್ಷ ಸೋಂಕುಗಳಿಗೇ ಮೀಸಲಾದದ್ದು. ಸೀಟು ಹಂಚುವ ವ್ಯವಸ್ಥೆಯ ಹೆಸರು ಮ್ಯಾಚ್. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಇದೆಯಲ್ವಾ, ಸುಮಾರು ಹಾಗೇ. ಆದರೆ ಇಲ್ಲಿ ಆಸ್ಪತ್ರೆಯವರೂ ಅಭ್ಯರ್ಥಿಗಳನ್ನು ಸಂದರ್ಶನ ಮಾಡಿ ತಮ್ಮ ಪಟ್ಟಿ ಕೊಡುತ್ತಾರೆ. ಎರಡೂ ಪಟ್ಟಿಗಳನ್ನು ಕಂಪ್ಯೂಟರ್ ಜೋಡಿಸುತ್ತದೆ.

ಎರಡನೇ ವರ್ಷದಲ್ಲಿ ಐಸಿಯು, ಅಂಗಾಂಗ ಕಸಿ ವಿಭಾಗ, ಎಚ್‌ಐವಿ ಕ್ಲಿನಿಕ್ ಹೀಗೆ ತಿರುಗಾಟ. ನನ್ನ ಮಟ್ಟಿಗೆ ಇದರಲ್ಲಿ ಸ್ವಾರಸ್ಯ ಇರುವುದು ಮೈಕ್ರೊಬಯಾಲಜಿ ಲ್ಯಾಬಿನಲ್ಲಿ. ಅಲ್ಲಿಂದ ಫೋನ್ ಬರುತ್ತದೆ: ರಕ್ತದ ಕಲ್ಚರ್‌ನಲ್ಲಿ ಏನೋ ಬೆಳೆದಿದೆ, ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ನೇರಳೆ ಗುಂಡುಗಳು ಕಾಣುತ್ತಿವೆ. ಸ್ಟ್ಯಾಫಿಲೊಕಾಕಸ್ ಇರಬೇಕು. ಆದರೆ ಯಾವುದು? ಚರ್ಮದ ಮೇಲೆ ಸುಮ್ನೆ ಬಿದ್ದುಕೊಂಡಿರುವ ಸಾಧು ಜಾತಿ ಸೂಜಿಯ ಜೊತೆ ಬಾಟಲಿಗೆ ಬಂತೇ? ಅಥವಾ ಕೊಲ್ಲುವ ಜಾತಿಯೇ? ಕೊಲ್ಲುವ ಜಾತಿಯಾದರೆ ಎಂಆರ್‌ಎಸ್‌ಎಯೋ, ಸಾಮಾನ್ಯ ಔಷಧಕ್ಕೆ ಬಗ್ಗುವಂಥದ್ದೋ? ಬಗ್ಗುವಂಥದ್ದಾದರೆ ವ್ಯಾಂಕೊಮೈಸಿನ್ ನಿಲ್ಲಿಸಿ ಸೆಫಜೊಲಿನ್‌ಗೆ ಬದಲಾಯಿಸಬೇಕು. ವ್ಯಾಂಕೊಮೈಸಿನ್ ‘ದೊಡ್ಡ ಔಷಧ’ ಅಂತ ಹೆಸರು ಮಾಡಿದ್ದರೂ ಇಂಥ ಬ್ಯಾಕ್ಟೀರಿಯಾವನ್ನು ಸೆಫಜೊಲಿನ್‌ನಷ್ಟು ಚೆನ್ನಾಗಿ ಕೊಲ್ಲುವುದಿಲ್ಲ. ವ್ಯಾಂಕೊಮೈಸಿನ್ ಹೊಸ ಔಷಧವೂ ಅಲ್ಲ. ಬೋರ್ನಿಯೊದ ಮಣ್ಣಿನಲ್ಲಿ ಸಿಕ್ಕಿ, 1958ರಲ್ಲಿ ಅನುಮತಿ ಪಡೆದದ್ದು. ಮೊದಮೊದಲು ಕಲ್ಮಶ ಜಾಸ್ತಿ ಇದ್ದು ಕಂದು ಬಣ್ಣಕ್ಕಿದ್ದದ್ದರಿಂದ ‘ಮಿಸಿಸಿಪಿ ಕೆಸರು’ ಅಂತ ಅಡ್ಡಹೆಸರೂ ಬಿದ್ದಿತ್ತು.

ಬದಲಾಯಿಸೋಣ ಅಂತ ಚಾರ್ಟ್ ತೆಗೆದರೆ ಕೆಂಪಕ್ಷರದಲ್ಲಿ ಒಂದು ಸಾಲು: ಪೆನಿಸಿಲಿನ್ ಅಲರ್ಜಿ. ಸೆಫಜೊಲಿನ್ ಪೆನಿಸಿಲಿನ್‌ನ ದೂರದ ನೆಂಟ, ಹಾಗಾಗಿ ಎಲ್ಲರೂ ಹಿಂಜರಿಯುತ್ತಾರೆ. ಆಗ ರೆಸಿಡೆಂಟ್ ರೋಗಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಏನಾಗಿತ್ತು? ಯಾವಾಗ? ಉಸಿರು ಕಟ್ಟಿತ್ತಾ, ಮುಖ ಊದಿತ್ತಾ, ಆಸ್ಪತ್ರೆ ಸೇರಿದ್ರಾ? ಆಮೇಲೆ ಅಮಾಕ್ಸಿಸಿಲಿನ್ ತಗೊಂಡಿದ್ದೀರಾ? ಎಷ್ಟೋ ಸಲ ಬರುವ ಉತ್ತರ: ‘ನನಗೇನೂ ನೆನಪಿಲ್ಲ, ಚಿಕ್ಕವಳಿದ್ದಾಗ ಗಂದೆ ಎದ್ದಿತ್ತಂತೆ, ಅಮ್ಮ ಹೇಳ್ತಿದ್ದಳು.’ ಅಮೆರಿಕದಲ್ಲಿ ನೂರಕ್ಕೆ ಸುಮಾರು 10 ಜನರ ಚಾರ್ಟಿನಲ್ಲಿ ಈ ಸಾಲಿದೆ. ಪರೀಕ್ಷೆ ಮಾಡಿದರೆ ಅವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅಲರ್ಜಿಯೇ ಇರುವುದಿಲ್ಲ. ನಿಜವಾದ ಅಲರ್ಜಿ ಇದ್ದವರಲ್ಲೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ಅದು ಹೊರಟುಹೋಗಿರುತ್ತದೆ. ಚಾರ್ಟಿನ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಐದು ನಿಮಿಷದ ಮಾತುಕತೆ ಒಮ್ಮೊಮ್ಮೆ ಹತ್ತು ದಿನದ ತಪ್ಪು ಔಷಧ ತಪ್ಪಿಸುತ್ತದೆ.

ಇಷ್ಟು ಗೊತ್ತಾದರೂ ಕೆಲಸ ಮುಗಿಯುವುದಿಲ್ಲ. ಇಪ್ಪತ್ತು ವರ್ಷ ಅನುಭವ ಇರುವ ಸರ್ಜನ್ ಹತ್ತಿರ ಹೋಗಿ, ನಿಮ್ಮ ಆಂಟಿಬಯೋಟಿಕ್ ಇನ್ನು ಸಾಕು ಅಂತ ಹೇಳಬೇಕಲ್ಲ! ಫೋನಿನಲ್ಲಿ ಹೇಳಿದರೆ ಕಿರಿಕಿರಿ, ಕಂಪ್ಯೂಟರಿನಲ್ಲಿ ಟಿಪ್ಪಣಿ ಹಾಕಿದರೆ ಓದುವವರಿಲ್ಲ. ಕೊಲರಾಡೊದ ಮಕ್ಕಳ ಆಸ್ಪತ್ರೆಯವರು ಕಂಡುಕೊಂಡ ದಾರಿಗೆ ‘ಹ್ಯಾಂಡ್‌ಶೇಕ್’ ಪದ್ಧತಿ ಅಂತಲೇ ಹೆಸರು. ಫಾರ್ಮಸಿಸ್ಟ್ ಮತ್ತು ಸೋಂಕು ತಜ್ಞ ಡಾಕ್ಟರು ಆಂಟಿಬಯೋಟಿಕ್ ಚೀಟಿಗಳನ್ನೆಲ್ಲ ನೋಡಿ, ವಾರ್ಡಿಗೆ ತಾವೇ ನಡೆದುಹೋಗಿ ಮುಖಾಮುಖಿ ಮಾತಾಡುತ್ತಾರೆ. ಅಪ್ಪಣೆ ಕೊಡುವುದಿಲ್ಲ, ಕೇಳುತ್ತಾರೆ. ಈ ಕೇಳುವ ಕಲೆಯನ್ನು ಕ್ಲಾಸಿನಲ್ಲಿ ಕಲಿಸೋಕೆ ಆಗಲ್ಲ. ರೆಸಿಡೆನ್ಸಿ ಒಂದು ವರ್ಷ ಹಿಡಿಯುವುದು ಅದಕ್ಕೇ ಅಂತ ನನ್ನ ಅನಿಸಿಕೆ.

ಈ ಕೆಲಸಕ್ಕೆ ಅಧಿಕೃತ ಬೆಂಬಲ ಬಂದದ್ದು ಈಚೆಗೆ. 2014ರಲ್ಲಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಆಸ್ಪತ್ರೆಗಳ ಆಂಟಿಬಯೋಟಿಕ್ ಉಸ್ತುವಾರಿಗೆ ಒಂದು ಚೌಕಟ್ಟು ಕೊಟ್ಟಿತು, ಅದರಲ್ಲಿ ಫಾರ್ಮಸಿಸ್ಟ್‌ಗೂ ಜವಾಬ್ದಾರಿ ಇತ್ತು. 2019ರಲ್ಲಿ ಸೋಂಕು ರೋಗಗಳ ಫಾರ್ಮಸಿಸ್ಟ್‌ಗಳಿಗೆ ತಜ್ಞರೆಂಬ ಪ್ರಮಾಣಪತ್ರ ಕೊಡುವ ಬೇರೆಯೇ ಬೋರ್ಡ್ ಪರೀಕ್ಷೆ ಶುರುವಾಯಿತು.

ನಮ್ಮಲ್ಲಿ ಫಾರ್ಮ್‌ಡಿ ಬಂದದ್ದು 2008ರಲ್ಲಿ. ಆರು ವರ್ಷದ ಕೋರ್ಸು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಂತೂ ಅದಕ್ಕೂ ಮುಂಚಿನಿಂದ ಫಾರ್ಮಸಿ ಪ್ರಾಕ್ಟೀಸ್ ವಿಭಾಗದವರು ಡಾಕ್ಟರ ಜೊತೆ ರೌಂಡ್ಸಿಗೆ ಹೋಗುತ್ತಿದ್ದಾರೆ. ಆದರೆ ಪದವಿ ಆದ ಮೇಲೆ ದೇಶಕ್ಕೆಲ್ಲ ಒಂದೇ ಅಳತೆಯ ರೆಸಿಡೆನ್ಸಿ, ಅದರ ಮೇಲೆ ಸೋಂಕುಗಳಿಗೇ ಅಂತ ಇನ್ನೊಂದು ವರ್ಷ, ಅಂಥ ಏಣಿ ನಮ್ಮಲ್ಲಿ ಇನ್ನೂ ನಿಂತಿಲ್ಲ. ಹಾಗಾಗಿ ವಾರ್ಡಿನಲ್ಲಿ ಕಿಡ್ನಿಯ ಲೆಕ್ಕ ಹಾಕಲು ಕಲಿತ ಎಷ್ಟೋ ಹುಡುಗ ಹುಡುಗಿಯರು ಬೆಂಗಳೂರಿನ ಕಂಪನಿಗಳಲ್ಲಿ ಕುಳಿತು, ಬೇರೆ ದೇಶದ ರೋಗಿಗಳ ಔಷಧ ಅಡ್ಡಪರಿಣಾಮಗಳ ಫಾರಂ ತುಂಬುತ್ತಿದ್ದಾರೆ.