ಗ್ರಾಫ್ ಹಾಕಿದ ಮೇಲೆ ಒಂದು ನಿಮಿಷ ನಿಲ್ಲಿ

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುವ ಮಕ್ಕಳು ಆಗಾಗ ಸೆಮಿನಾರ್ ಕೊಡಬೇಕು. ಸಿವಿಲ್‌ನವರು ಮಾತಾಡುವಾಗ ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರೂ ಬಂದು ಕೂತಿರುತ್ತಾರೆ. ನಾನು ಕಾಂಕ್ರೀಟ್ ಪಾಠ ಮಾಡುವವನು. ವರ್ಷಗಟ್ಟಲೆ ಇಂಥ ಸೆಮಿನಾರ್‌ಗಳಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೇನೆ. ಸ್ಲೈಡ್ ಎಷ್ಟಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವುದನ್ನೆಲ್ಲ ಗೈಡ್‌ಗಳು ಹೇಳಿಕೊಟ್ಟಿರುತ್ತಾರೆ, ಅದು ಬೇಡ. ಎಷ್ಟು ಸಲ ಹೇಳಿದರೂ ಮತ್ತೆ ಮತ್ತೆ ಆಗುವ ಒಂದೇ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇನೆ.

ಗ್ರಾಫ್ ತೆರೆ ಮೇಲೆ ಬರುತ್ತದೆ. ‘ಇಲ್ಲಿ ನೋಡಬಹುದು, ಸ್ಟ್ರೆಂತ್ ಜಾಸ್ತಿಯಾಗಿದೆ’ ಅನ್ನುತ್ತಾರೆ. ಲೇಸರ್‌ನ ಕೆಂಪು ಚುಕ್ಕೆ ಗಡಗಡ ನಡುಗುತ್ತಾ ಒಂದು ಸುತ್ತು ಹಾಕುತ್ತದೆ. ಅಷ್ಟರಲ್ಲಿ ಮುಂದಿನ ಸ್ಲೈಡ್.

ಎಲ್ಲಿ ನೋಡಬೇಕಪ್ಪಾ? ಅಡ್ಡಗೆರೆಯಲ್ಲಿ ಇರುವುದು ದಿನವೋ, ಸಿಮೆಂಟ್ ಜೊತೆ ಬೆರೆಸಿದ ಸ್ಲ್ಯಾಗ್ ಅನ್ನುವ ಕಿಟ್ಟದ ಪುಡಿಯ ಪ್ರಮಾಣವೋ? ಲಂಬಗೆರೆ ಸೊನ್ನೆಯಿಂದ ಶುರುವಾಗಿದೆಯೋ, ಮೂವತ್ತರಿಂದಲೋ? ಒಂದು ಚುಕ್ಕೆ ಅಂದರೆ ಒಡೆದು ಪರೀಕ್ಷಿಸಿದ ಒಂದು ಕಾಂಕ್ರೀಟ್ ಕ್ಯೂಬೋ, ಮೂರು ಕ್ಯೂಬಿನ ಸರಾಸರಿಯೋ? ನೀವು ಆ ಗ್ರಾಫ್ ಜೊತೆ ಎರಡು ವರ್ಷ ಕಳೆದಿದ್ದೀರಿ. ನಮಗೆ ಸಿಕ್ಕಿದ್ದು ಹತ್ತು ಸೆಕೆಂಡ್.

ಒಬ್ಬ ಹುಡುಗ ಎರಡು ಮಿಶ್ರಣ ಹೋಲಿಸಿದ್ದ. ಎರಡು ಕಂಬ ತೋರಿಸಿದ. ಎರಡನೆಯದು ಮೊದಲನೆಯದರ ಮೂರು ಪಟ್ಟು ಎತ್ತರ. ಹಾಲ್‌ನಲ್ಲಿ ಎಲ್ಲರೂ ತಲೆದೂಗಿದರು. ನಾನು ಎದ್ದು ತೆರೆ ಹತ್ತಿರ ಹೋಗಿ ನೋಡಿದೆ. ಲಂಬಗೆರೆ ಶುರುವಾಗಿದ್ದು 38 ಮೆಗಾಪ್ಯಾಸ್ಕಲ್‌ನಿಂದ (ಕಾಂಕ್ರೀಟ್‌ನ ಸ್ಟ್ರೆಂತ್ ಅಳೆಯುವ ಮಾನ ಅದು). ಒಂದು ಮಿಶ್ರಣ 39, ಇನ್ನೊಂದು 41. ಅಂದರೆ ವ್ಯತ್ಯಾಸ ನೂರಕ್ಕೆ ಐದರಷ್ಟು. ಒಂದೊಂದು ಕ್ಯೂಬಿನ ಲೆಕ್ಕ ಕೇಳಿದೆ. ಮೊದಲನೆಯದರ ಮೂರು ಕ್ಯೂಬ್ 36, 39, 42. ಎರಡನೆಯದರದ್ದು 38, 41, 44. ಮೊದಲ ಮಿಶ್ರಣದ ಒಳ್ಳೆಯ ಕ್ಯೂಬು ಎರಡನೆಯದರ ಸರಾಸರಿಯನ್ನೂ ದಾಟಿತ್ತು! ಕಾಂಕ್ರೀಟ್‌ಗೆ ನಮ್ಮ ದೇಶದಲ್ಲಿರುವ ನಿಯಮಾವಳಿ ಐಎಸ್ 456ರಲ್ಲೇ ಒಂದು ಸ್ಯಾಂಪಲ್‌ನ ಮೂರು ಕ್ಯೂಬ್‌ಗಳು ಸರಾಸರಿಗಿಂತ ಶೇ 15ರಷ್ಟು ಆಚೀಚೆ ಇರಬಹುದು ಅಂತಿದೆ. ಆ ನಿಯಮ ಇರುವುದು ಸ್ಯಾಂಪಲ್ ಒಪ್ಪುವುದಕ್ಕೆ, ಎರಡು ಮಿಶ್ರಣ ಹೋಲಿಸುವುದಕ್ಕಲ್ಲ, ಒಪ್ಪುತ್ತೇನೆ. ಆದರೆ ಕಾಂಕ್ರೀಟ್‌ನಲ್ಲಿ ಏರುಪೇರು ಎಷ್ಟು ಸಹಜ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಎರಡನೆಯ ಮಿಶ್ರಣ ನಿಜಕ್ಕೂ ಗಟ್ಟಿ ಇರಬಹುದು. ಹಾಗೆ ಹೇಳಲು ಮೂರು ಕ್ಯೂಬ್ ಸಾಲುವುದಿಲ್ಲ, ಇನ್ನೂ ಜಾಸ್ತಿ ಬೇಕು.

ಹುಡುಗ ಮೋಸ ಮಾಡಿರಲಿಲ್ಲ. ಎಕ್ಸೆಲ್ ತಾನಾಗಿಯೇ 38ರಿಂದ ಶುರು ಮಾಡಿತ್ತು, ಅವನು ಗಮನಿಸಿರಲಿಲ್ಲ ಅಷ್ಟೆ. ‘ಈ ಗೆರೆ 38ರಿಂದ ಶುರುವಾಗುತ್ತದೆ’ ಅಂತ ಬಾಯಿಬಿಟ್ಟು ಹೇಳಿದ್ದರೆ ಅವನ ಕಿವಿಗೇ ಅದು ಕೇಳಿಸುತ್ತಿತ್ತು. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ತಿದ್ದಿಕೊಳ್ಳುತ್ತಿದ್ದ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಲೇಸರ್ ಕೆಳಗಿಡಿ. ತೆರೆ ಹತ್ತಿರ ಹೋಗಿ. ಅಡ್ಡಗೆರೆಯಲ್ಲಿ ಏನಿದೆ, ಲಂಬಗೆರೆಯಲ್ಲಿ ಏನಿದೆ, ಯಾವ ಅಳತೆ, ಎಲ್ಲಿಂದ ಶುರು, ಎಷ್ಟು ಸ್ಯಾಂಪಲ್, ಇಷ್ಟನ್ನೂ ಜೋರಾಗಿ ಹೇಳಿ. ಆಮೇಲೆ ಒಂದೇ ಒಂದು ಚುಕ್ಕೆ ಮೇಲೆ ಬೆರಳಿಟ್ಟು ಅದರ ಕಥೆ ಹೇಳಿ: ‘ಇದು ಅರ್ಧ ಸಿಮೆಂಟ್ ಬದಲು ಸ್ಲ್ಯಾಗ್ ಹಾಕಿದ ಕಾಂಕ್ರೀಟ್, 28 ದಿನ ನೀರಲ್ಲಿಟ್ಟು ಒಡೆದದ್ದು.’ ಏನು ಕಂಡುಕೊಂಡಿರಿ ಅನ್ನುವುದು ಅದಾದ ಮೇಲೆ. ಎಲ್ಲಾ ಸೇರಿ ಒಂದು ನಿಮಿಷ. ಟೈಮ್ ಸಾಲದಿದ್ದರೆ ಎರಡು ಗ್ರಾಫ್ ತೆಗೆದುಬಿಡಿ.

‘ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸರ್, ಹೇಳಿದರೆ ದಡ್ಡರ ಥರ ಕಾಣ್ತೀವಿ’ ಅನ್ನುತ್ತಾರೆ ಮಕ್ಕಳು. ಇಲ್ಲ ಮರೀ, ಗೊತ್ತಿರುವುದಿಲ್ಲ. ಪಕ್ಕದ ಡಿಪಾರ್ಟ್‌ಮೆಂಟಿನವರನ್ನು ಬಿಡಿ, ಎಷ್ಟೋ ಸಲ ನನಗೇ ಗೊತ್ತಾಗುವುದಿಲ್ಲ. ಈ ಭಯ ಎಲ್ಲಿಂದ ಬರುತ್ತದೆ ಅಂತಲೂ ನನಗೆ ಗೊತ್ತು. ಇಂಗ್ಲಿಷ್ ತಪ್ಪಿಹೋದರೆ ಅನ್ನುವ ದಿಗಿಲಿಗೆ ಎಷ್ಟೋ ಮಕ್ಕಳು ಸ್ಲೈಡ್‌ನಲ್ಲಿ ಬರೆದದ್ದನ್ನೇ ಓದಿ ಮುಗಿಸುತ್ತಾರೆ. ಗ್ರಾಫ್‌ನಲ್ಲಿ ಓದುವುದಕ್ಕೆ ವಾಕ್ಯ ಇರುವುದಿಲ್ಲ. ಅದಕ್ಕೇ ಅಲ್ಲಿಂದ ಓಡುತ್ತಾರೆ. ಅಂಥ ಕಡೆ ಎರಡು ಮಾತು ಕನ್ನಡದಲ್ಲೇ ಹೇಳಿದರೆ ನಮ್ಮ ಹಾಲ್‌ನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಮ್ಮೆ ಒಬ್ಬ ಹುಡುಗಿ ಸ್ಲ್ಯಾಗ್ ಕಾಂಕ್ರೀಟ್ ಬಗ್ಗೆ ಮಾತಾಡುತ್ತಿದ್ದಳು. ಸ್ಲ್ಯಾಗ್ ಅಂದರೆ ತೋರಣಗಲ್ಲಿನಂಥ ಕಡೆ ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ. ಅದನ್ನು ನುಣ್ಣಗೆ ಪುಡಿ ಮಾಡಿ ಸಿಮೆಂಟ್ ಜೊತೆ ಬೆರೆಸುತ್ತಾರೆ. ಸೆಮಿನಾರ್ ಮಧ್ಯೆ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಆರಿತು. ಅವಳು ಒಂದು ಕ್ಷಣ ಸುಮ್ನೆ ನಿಂತಳು. ಆಮೇಲೆ ಚಾಕ್‌ಪೀಸ್ ತಗೊಂಡು ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು 7, 28, 56 ದಿನ ಅಂತ ಬರೆದಳು. ಲಂಬಗೆರೆ ಎಳೆದು ಕೆಳಗೆ ಸೊನ್ನೆ ಹಾಕಿದಳು. ಬರೀ ಸಿಮೆಂಟಿನ ಗೆರೆ ಮೊದಲು, ಸ್ಲ್ಯಾಗ್‌ನ ಗೆರೆ ಆಮೇಲೆ. ‘7 ದಿನಕ್ಕೆ ಸ್ಲ್ಯಾಗ್ ಹಿಂದೆ ಇದೆ. ಯಾಕಂದ್ರೆ ಸಿಮೆಂಟ್ ನೀರಿನ ಜೊತೆ ಸೇರಿ ಸುಣ್ಣ ಬಿಡಬೇಕು, ಆಮೇಲೆ ಸ್ಲ್ಯಾಗ್ ಕೆಲಸ ಚುರುಕಾಗುತ್ತೆ. 56 ದಿನಕ್ಕೆ ಇಲ್ಲಿ ದಾಟುತ್ತೆ’ ಅಂತ ಎರಡು ಗೆರೆ ಕೂಡುವಲ್ಲಿ ಒಂದು ಸೊನ್ನೆ ಸುತ್ತಿದಳು.

ಹಿಂದಿನ ಸಾಲಿನಿಂದ ಎಲೆಕ್ಟ್ರಿಕಲ್ ಮೇಷ್ಟ್ರೊಬ್ಬರು ಕೈ ಎತ್ತಿದರು. ಆಗ ಅವರು ಮನೆ ಕಟ್ಟಿಸುತ್ತಿದ್ದರು. ‘ಏನಮ್ಮಾ, 7 ದಿನಕ್ಕೆ ಇಷ್ಟು ಹಿಂದೆ ಇದ್ದರೆ ಸೆಂಟ್ರಿಂಗ್ ಬಿಚ್ಚೋದು ಯಾವಾಗ?’

ಅವಳ ಹತ್ತಿರ 7 ದಿನಕ್ಕಿಂತ ಮುಂಚಿನ ಲೆಕ್ಕವೂ ಇರಲಿಲ್ಲ, 7ಕ್ಕೂ 28ಕ್ಕೂ ನಡುವಿನದೂ ಇರಲಿಲ್ಲ. ‘ಗೊತ್ತಿಲ್ಲ ಸರ್, ನೋಡಿ ಹೇಳ್ತೀನಿ’ ಅಂದಳು. ಮುಂದಿನ ವಾರ ನಾನು ಲ್ಯಾಬ್‌ಗೆ ಹೋದಾಗ ಹೊಸ ಕ್ಯೂಬ್‌ಗಳು ನೀರಿನ ತೊಟ್ಟಿಯಲ್ಲಿದ್ದವು. ಒಂದೊಂದರ ಮೇಲೂ 3, 5, 10, 14 ಅಂತ ಬರೆದಿತ್ತು.