ಹೆಸರು ಬಿಟ್ಟರೆ ಸಾಲದು: ಸಂತ್ರಸ್ತೆಯ ಗುರುತು ಕಾಯುವ ಕಾನೂನು ಬೆಳೆದ ಬಗೆ

ಪತ್ರಿಕೋದ್ಯಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಹೀಗೊಂದು ವಾಕ್ಯ ಬಂದಿದೆ ಎಂದುಕೊಳ್ಳಿ: ‘ಗ್ರಾಮದ ಕಿರಾಣಿ ಅಂಗಡಿ ಮಾಲೀಕರ ಕಿರಿಯ ಮಗಳು, ಅಲ್ಲಿನ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ ವಿದ್ಯಾರ್ಥಿನಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ.’ ವರದಿಯಲ್ಲಿ ಊರಿನ ಹೆಸರಿದೆ, ಬಾಲಕಿಯ ಹೆಸರಿಲ್ಲ. ಬರೆದ ವಿದ್ಯಾರ್ಥಿ ನಿಯಮ ಪಾಲಿಸಿದ ನೆಮ್ಮದಿಯಲ್ಲಿರುತ್ತಾನೆ. ಆದರೆ ಆ ಊರಿನಲ್ಲಿ ಕಿರಾಣಿ ಅಂಗಡಿಗಳು ಎಷ್ಟಿದ್ದಾವು? ಆ ಮನೆಯ ಕಿರಿಯ ಮಗಳು ಯಾರೆಂದು ಗೊತ್ತಿಲ್ಲದವರು ಎಷ್ಟು ಜನ ಇದ್ದಾರು? ದೆಹಲಿಯ ಓದುಗನಿಗೆ ಆಕೆ ಅನಾಮಿಕೆ ನಿಜ, ಆದರೆ ಆಕೆ ಬಾಳಬೇಕಾದ ಊರಿಗೆ ಅಲ್ಲ. ನಾಳೆ ಆಕೆ ಶಾಲೆಗೆ ಹೋಗಬೇಕಾದದ್ದು ಆ ಊರಿನಲ್ಲಿಯೇ.

ಸಂತ್ರಸ್ತೆಯ ಗುರುತು ಕಾಯುವ ಕಾನೂನಿನ ಬೇರು 1972ರ ಮಹಾರಾಷ್ಟ್ರದಲ್ಲಿದೆ. ಅಲ್ಲಿನ ಒಂದು ಪೊಲೀಸ್ ಠಾಣೆಯೊಳಗೆ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ಆರೋಪ ಇಬ್ಬರು ಕಾನ್‌ಸ್ಟೆಬಲ್‌ಗಳ ಮೇಲೆ ಬಂತು. ಸೆಷನ್ಸ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು, ಬಾಂಬೆ ಹೈಕೋರ್ಟ್ ಶಿಕ್ಷೆ ವಿಧಿಸಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ಆಕೆಯ ಮೈಮೇಲೆ ಗಾಯಗಳಿಲ್ಲ, ಕೂಗಿಕೊಂಡಿಲ್ಲ ಎಂಬುವು ಆ ತೀರ್ಪಿನ ಮುಖ್ಯ ಕಾರಣಗಳಾಗಿದ್ದವು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಹಿಳಾ ಸಂಘಟನೆಗಳು ಬೀದಿಗಿಳಿದವು. ಆ ಪ್ರಕರಣ ಇಂದಿಗೂ ಕಾನೂನು ಪುಸ್ತಕಗಳಲ್ಲಿ ಆ ಬಾಲಕಿಯ ಹೆಸರಿನಿಂದಲೇ ಪರಿಚಿತ. ಅದು ಎಲ್ಲ ಕಡೆ ಅಚ್ಚಾಗಿದ್ದರೂ ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

1980ರಲ್ಲಿ ಕಾನೂನು ಆಯೋಗದ 84ನೇ ವರದಿ ಬಂತು. 1983ರಲ್ಲಿ ಅಪರಾಧ ಕಾನೂನಿಗೆ ತಿದ್ದುಪಡಿಯಾಯಿತು. ಅತ್ಯಾಚಾರ ಪ್ರಕರಣಗಳ ವಿಚಾರಣೆ ಮುಚ್ಚಿದ ನ್ಯಾಯಾಲಯದಲ್ಲಿ ನಡೆಯಬೇಕೆಂಬ ನಿಯಮ ಬಂದದ್ದು ಆಗಲೇ. ಭಾರತೀಯ ದಂಡ ಸಂಹಿತೆಗೆ 228ಎ ಸೆಕ್ಷನ್ ಸೇರಿದ್ದೂ ಆಗಲೇ. ಸಂತ್ರಸ್ತೆಯ ಹೆಸರನ್ನು ಅಥವಾ ಆಕೆಯ ಗುರುತು ಬಯಲಾಗುವಂಥ ಯಾವುದೇ ಸಂಗತಿಯನ್ನು ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ನಿಯಮ 72ನೇ ಸೆಕ್ಷನ್ ಆಗಿದೆ. ಪ್ರಕಟಿಸಿದವರು ಯಾರೇ ಆಗಿರಲಿ ಎನ್ನುತ್ತದೆ ಕಾನೂನು. ವಿದ್ಯಾರ್ಥಿ ಎಂಬ ರಿಯಾಯಿತಿ ಅದರಲ್ಲಿಲ್ಲ, ಪ್ರಸಾರ ಸಂಖ್ಯೆಯ ಲೆಕ್ಕವೂ ಇಲ್ಲ. ಕಾಲೇಜಿನ ನಾಲ್ಕು ಪುಟದ ಪತ್ರಿಕೆಯೂ ವಿದ್ಯಾರ್ಥಿಗಳ ಯೂಟ್ಯೂಬ್ ಚಾನೆಲ್ಲೂ ಇದರ ವ್ಯಾಪ್ತಿಯಲ್ಲಿಯೇ ಬರುತ್ತವೆ.

1983ರಲ್ಲಿಯೇ ‘ಗುರುತು’ ಎಂದು ಬರೆದಿದ್ದರೂ ಪತ್ರಿಕೆಗಳು ಬಹುಕಾಲ ಅದನ್ನು ‘ಹೆಸರು’ ಎಂದೇ ಓದಿಕೊಂಡವು. ‘ಹೆಸರು ಬದಲಾಯಿಸಲಾಗಿದೆ’ ಎಂದು ಆವರಣದಲ್ಲಿ ಬರೆದು ಮನೆಯ ಚಿತ್ರ ಹಾಕಿದ ವರದಿಗಳಿಗೆ ಕೊರತೆಯಿರಲಿಲ್ಲ. ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ಹೆಸರು ಬರುತ್ತಿತ್ತು. 2003ರಲ್ಲಿ ಕರ್ನಾಟಕ ಸರ್ಕಾರ ಮತ್ತು ಪುಟ್ಟರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ನ ತೀರ್ಪುಗಳಿಗೆ 228ಎ ನಿರ್ಬಂಧ ಅನ್ವಯಿಸದಿದ್ದರೂ ಹೆಸರು ಬಳಸದಿರುವುದೇ ಸೂಕ್ತ ಎಂದು ಹೇಳಿ, ತನ್ನ ತೀರ್ಪಿನಲ್ಲಿ ಆಕೆಯನ್ನು ಸಂತ್ರಸ್ತೆ ಎಂದಷ್ಟೇ ಕರೆಯಿತು. ತೀರ್ಪಿನ ಪ್ರತಿಯಲ್ಲಿ ಹೆಸರಿದೆ, ಹಾಗಾಗಿ ನಾನೂ ಬರೆಯಬಹುದು ಎನ್ನುವ ವರದಿಗಾರ ನ್ಯಾಯಾಲಯವೇ ಬೇಡವೆಂದು ಬಿಟ್ಟದ್ದನ್ನು ಹೆಕ್ಕಿ ತಂದಂತಾಗುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಬಿಡಿಸಿ ಹೇಳುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಂದು ಒಂದೊಂದನ್ನೂ ಎಣಿಸಿ ನಿಷೇಧಿಸುತ್ತದೆ. ವಿಶೇಷ ನ್ಯಾಯಾಲಯ ಮಗುವಿನ ಹಿತಕ್ಕಾಗಿ, ಕಾರಣ ದಾಖಲಿಸಿ ಅನುಮತಿ ಕೊಟ್ಟರೆ ಮಾತ್ರ ವಿನಾಯಿತಿ. ತಂದೆತಾಯಿ ಒಪ್ಪಿದರು ಎನ್ನುವುದು ಇಲ್ಲಿ ನಡೆಯುವುದಿಲ್ಲ. ನಮ್ಮ ಕಿರಾಣಿ ಅಂಗಡಿಯ ವಾಕ್ಯವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ: ಕುಟುಂಬ, ಶಾಲೆ, ಊರು ಎಲ್ಲವೂ ಅದರಲ್ಲಿವೆ.

ಇದು ದೂರದ ಮಾತಲ್ಲ. 2017ರಲ್ಲಿ ಹದಿನಾರು ವರ್ಷದ ಬಾಲಕಿಯ ಮೇಲಿನ ಲೈಂಗಿಕ ಕಿರುಕುಳದ ವರದಿಯಲ್ಲಿ ಆಕೆಯ ಹೆಸರು ಅಚ್ಚಾಗಿ, ಉತ್ತರ ಕನ್ನಡದ ಪತ್ರಿಕೆಯೊಂದರ ಸಂಪಾದಕರ ಮೇಲೆ 23ನೇ ಸೆಕ್ಷನ್ ಅಡಿ ಪ್ರಕರಣ ದಾಖಲಾಯಿತು. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2022ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಒಂದು ಹೆಸರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯ ಸುತ್ತಿಸಿತು.

2018ರ ಏಪ್ರಿಲ್‌ನಲ್ಲಿ, ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೀಡಾಗಿ ಕೊಲೆಯಾದ ಮಗುವಿನ ಹೆಸರು, ಚಿತ್ರ ದೇಶದ ತುಂಬ ಹರಿದಾಡಿದಾಗ ದೆಹಲಿ ಹೈಕೋರ್ಟ್ ಹಲವು ಮಾಧ್ಯಮ ಸಂಸ್ಥೆಗಳಿಂದ ತಲಾ 10 ಲಕ್ಷ ರೂಪಾಯಿ ಕಟ್ಟಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೊಂದಲಕ್ಕೆ ಎಡೆಯಿಲ್ಲದಂತೆ ಹೇಳಿತು: ದೂರದಿಂದಲೂ ಗುರುತು ಹಿಡಿಯಲು ನೆರವಾಗುವ ಸಂಗತಿ ಬರೆಯುವಂತಿಲ್ಲ, ಸತ್ತವರಿಗೂ ಘನತೆಯಿದೆ, ಇಂಥ ಪ್ರಕರಣಗಳ ಎಫ್‌ಐಆರ್ ಸಾರ್ವಜನಿಕವಾಗಬಾರದು. ಆದರೂ ಎಫ್‌ಐಆರ್‌ನ ಚಿತ್ರ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವುದುಂಟು. ಪೊಲೀಸರೇ ಕಳಿಸಿದರೆಂಬ ಕಾರಣಕ್ಕೆ ಅದನ್ನು ಪ್ರಕಟಿಸುವ ಹಕ್ಕು ಹುಟ್ಟುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಮರೆಯಲ್ಲಿ ಉಳಿಯುವ ಹಕ್ಕು ಸಂತ್ರಸ್ತೆಯದು. ಅದು ಆಕೆಯ ಬಾಯಿ ಮುಚ್ಚಿಸುವ ಉಪಾಯವಲ್ಲ. ವಯಸ್ಕ ಸಂತ್ರಸ್ತೆ ಲಿಖಿತವಾಗಿ ಒಪ್ಪಿದರೆ ಆಕೆಯ ಹೆಸರಿನಲ್ಲಿಯೇ ಬರೆಯಲು ಕಾನೂನು ಅಡ್ಡಿಯಿಲ್ಲ. ಆಕೆ ಮಾತನಾಡಲು ಬಂದಾಗ ‘ಕಾನೂನು ತೊಡಕು’ ಎಂದು ಹಿಂದೆ ಸರಿಯುವ ಸಂಪಾದಕ ಈ ಕಾನೂನನ್ನು ಓದಿಲ್ಲ. ಆದರೆ ಆ ಒಪ್ಪಿಗೆ ಕಾಗದದ ಮೇಲಿರಬೇಕು. ಅಂತರ್ಜಾಲದಲ್ಲಿ ಒಮ್ಮೆ ಬಂದದ್ದು ಹತ್ತು ವರ್ಷದ ನಂತರವೂ ಹುಡುಕಿದರೆ ಸಿಗುತ್ತದೆ ಎಂಬುದನ್ನು ಸಹಿಗೆ ಮುನ್ನ ಆಕೆಗೆ ತಿಳಿಸಬೇಕು. ಈ ಎರಡನೆಯದನ್ನು ಕಾನೂನು ಹೇಳುವುದಿಲ್ಲ, ವೃತ್ತಿಧರ್ಮ ಹೇಳುತ್ತದೆ.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಆರೋಪಿ ಸಂಬಂಧಿಕನಾಗಿದ್ದಾಗ. ಒಬ್ಬ ವರದಿಗಾರ ಆರೋಪಿಯ ಹೆಸರು ಬರೆದು ಸಂಬಂಧ ಬಿಡುತ್ತಾನೆ. ಇನ್ನೊಬ್ಬಳು ಹೆಸರು ಬಿಟ್ಟು ‘ಚಿಕ್ಕಪ್ಪನಿಂದಲೇ’ ಎಂದು ಶೀರ್ಷಿಕೆ ಕೊಡುತ್ತಾಳೆ. ಬಿಡಿಯಾಗಿ ಎರಡೂ ಎಚ್ಚರದ ವರದಿಗಳೇ, ಆದರೆ ಎರಡನ್ನೂ ಓದಿದವನಿಗೆ ಮಗು ಯಾರೆಂದು ತಿಳಿದುಹೋಗುತ್ತದೆ. ಆದ್ದರಿಂದ ಪತ್ರಿಕೆ, ವಿಡಿಯೊ, ಇನ್‌ಸ್ಟಾಗ್ರಾಂ ಪುಟ ಎಲ್ಲವನ್ನೂ ನಡೆಸುವ ವಿಭಾಗ ಆರೋಪಿಯ ಹೆಸರೋ ಸಂಬಂಧವೋ ಯಾವುದನ್ನು ಬಿಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಎಲ್ಲ ಕಡೆ ಅದನ್ನೇ ಪಾಲಿಸಬೇಕು. ಜಿಲ್ಲೆಯ ಬೇರೆ ಪತ್ರಿಕೆಗಳು ಆರೋಪಿಯ ಹೆಸರನ್ನು ಆಗಲೇ ಪ್ರಕಟಿಸಿದ್ದರೆ, ಸಂಬಂಧದ ಮಾತನ್ನು ಕೈಬಿಡಬೇಕಾದವರು ನೀವು.