ಲಿಕ್ವಿಡ್ ಕೂಲಿಂಗ್ ಕಂಪ್ಯೂಟರಿಗೆ ಎಂಥ ನೀರು ಹಾಕಬೇಕು?

ಕಂಪ್ಯೂಟರಿಗೆ ಲಿಕ್ವಿಡ್ ಕೂಲಿಂಗ್, ಅಂದರೆ ಒಳಗೆ ನೀರು ಸುತ್ತಿಸಿ ಬಿಸಿ ಇಳಿಸುವ ವ್ಯವಸ್ಥೆ, ಜೋಡಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ನನ್ನನ್ನು ಮೊದಲು ಕೇಳುವುದು, ಸೋರಿದರೂ ಮದರ್‌ಬೋರ್ಡ್ ಸುಡದಂಥ ನೀರು ಯಾವುದು ಎಂದು. ಆ ಭಯ ಸಹಜವೇ ಆದರೂ ನೀರನ್ನು ಆರಿಸಲು ಅದು ಸರಿಯಾದ ಅಳತೆಗೋಲಲ್ಲ. ಅಯಾನುಗಳನ್ನೆಲ್ಲ (ವಿದ್ಯುದಂಶವಿರುವ ಕಣಗಳನ್ನೆಲ್ಲ) ತೆಗೆದ ಅತಿಶುದ್ಧ ನೀರಿನ ವಿದ್ಯುತ್ ವಾಹಕತೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ ಕೇವಲ 0.055 ಮೈಕ್ರೋಸೀಮೆನ್ಸ್ ಎಂಬುದು ನಿಜ. ಆದರೆ ಕ್ಯಾನಿನ ಮುಚ್ಚಳ ತೆಗೆದ ಸ್ವಲ್ಪ ಹೊತ್ತಿನಲ್ಲೇ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಮಾರು 1 ಮೈಕ್ರೋಸೀಮೆನ್ಸ್‌ಗೆ ಏರುತ್ತದೆ. ಲೂಪಿನೊಳಗಿನ, ಅಂದರೆ ನೀರು ಸುತ್ತಿ ಬರುವ ಹಾದಿಯೊಳಗಿನ, ತಾಮ್ರ, ಹಿತ್ತಾಳೆ, ಬೆಸುಗೆಗಳ ಸಂಗ ಬಿದ್ದ ಮೇಲಂತೂ ಏರುತ್ತಲೇ ಹೋಗುತ್ತದೆ. ಸೋರಿದ ಹನಿಯು ಬೋರ್ಡಿನ ಮೇಲಿನ ಧೂಳನ್ನೂ ಕರಗಿಸಿಕೊಳ್ಳುವುದರಿಂದ, ಕ್ಯಾನಿನ ಮೇಲೆ ಬರೆದಿರುವ ಶುದ್ಧತೆ ಆ ಗಳಿಗೆಯಲ್ಲಿ ಯಾರ ನೆರವಿಗೂ ಬರುವುದಿಲ್ಲ. ಸೋರಿಕೆಯಿಂದ ನಮ್ಮನ್ನು ಕಾಪಾಡುವುದು ಹದವಾಗಿ ಕೂತ ಓ-ರಿಂಗ್ ಎಂಬ ರಬ್ಬರ್ ಬಳೆ, ಸರಿಯಾಗಿ ಬಿಗಿದ ಕೊಳವೆಯ ಫಿಟ್ಟಿಂಗ್, ಮತ್ತು ಬೇರೆ ಯಾವ ಭಾಗಕ್ಕೂ ಕರೆಂಟು ಕೊಡದೆ ಪಂಪನ್ನಷ್ಟೇ 24 ಗಂಟೆ ಓಡಿಸಿ ನೋಡುವ ಪರೀಕ್ಷೆ.

ಹಾಗಾದರೆ ನೀರನ್ನು ಯಾವ ಲೆಕ್ಕದಿಂದ ಆರಿಸಬೇಕು? ಈ ಲೋಹಗಳ ನಡುವೆ ಒಂದು ವರ್ಷ ಸುತ್ತಿದ ಮೇಲೆ ನೀರು ಏನಾಗಿರುತ್ತದೆ, ಲೋಹ ಏನಾಗಿರುತ್ತದೆ ಎಂಬ ಲೆಕ್ಕದಿಂದ. ಪ್ರೊಸೆಸರ್ ಮೇಲೆ ಕೂರುವ ವಾಟರ್ ಬ್ಲಾಕಿನೊಳಗೆ ತಾಮ್ರದ ತೆಳುವಾದ ರೆಕ್ಕೆಗಳ ಸಾಲಿರುತ್ತದೆ, ಒಂದು ರೆಕ್ಕೆಗೂ ಇನ್ನೊಂದಕ್ಕೂ ನಡುವೆ ಅರ್ಧ ಮಿಲಿಮೀಟರ್ ಜಾಗವೂ ಇರುವುದಿಲ್ಲ. ಶಾಖವನ್ನು ಹೊತ್ತೊಯ್ಯುವ ಕೆಲಸದಲ್ಲಿ ನೀರಿಗೆ ಸಾಟಿಯಾದ ದ್ರವ ಸಿಗುವುದು ಕಷ್ಟ: ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.18 ಕಿಲೋಜೂಲ್ ಬೇಕು. ನಿಮಿಷಕ್ಕೆ 4 ಲೀಟರ್ ಹರಿವಿರುವ ಲೂಪು 300 ವಾಟ್ ಶಾಖವನ್ನು ಹೀರಿಕೊಂಡರೂ ಬ್ಲಾಕಿನ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಒಂದು ಡಿಗ್ರಿಯ ಆಸುಪಾಸಿನ ವ್ಯತ್ಯಾಸವಷ್ಟೇ ಇರುತ್ತದೆ. ಆದ್ದರಿಂದ ಇನ್ನೂ ತಂಪು ಮಾಡುವ ದ್ರವವನ್ನು ಹುಡುಕಿ ಅಲೆಯಬೇಕಾಗಿಲ್ಲ, ಆ ಸಂದುಗಳು ಕಟ್ಟಿಕೊಳ್ಳದಂತೆ ನೋಡಿಕೊಂಡರೆ ಸಾಕು.

ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ ಎನ್ನುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಹೀಟರ್ ಕಡ್ಡಿಗೆ ಹಿಡಿಯುವಂಥ ಸುಣ್ಣದ ಪದರ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಲೂಪಿನಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತುತ್ತದೆ. ಲೀಟರಿಗೆ 300 ಮಿಲಿಗ್ರಾಂ ಲವಣವಿರುವ ಒಂದು ಲೀಟರ್ ನೀರು ಹಾಕಿದರೆ ಒಳಗಿರುವ ಲವಣವೆಲ್ಲ ಸೇರಿ 300 ಮಿಲಿಗ್ರಾಂ ಮಾತ್ರ. ನೀರಿನ ಉಷ್ಣಾಂಶವೂ ಸಾಮಾನ್ಯವಾಗಿ 40 ಡಿಗ್ರಿಯ ಆಚೀಚೆ ಇರುವುದರಿಂದ ಸುಣ್ಣ ಹೀಟರಿನಲ್ಲಿ ಕಟ್ಟುವಷ್ಟು ಬೇಗ ಕಟ್ಟುವುದಿಲ್ಲ. ಆದರೆ ನೀರು ಆವಿಯಾದಂತೆಲ್ಲ ಅದೇ ನೀರನ್ನು ತುಂಬುತ್ತ ಹೋದರೆ ಲವಣ ಒಳಗೇ ಕೂಡುತ್ತ ಹೋಗುತ್ತದೆ. ಅದಕ್ಕಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಕ್ಲೋರೈಡ್. ಅದು ಲೋಹದ ಮೇಲಿನ ರಕ್ಷಣಾ ಪದರವನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ, ನಿಕಲ್ ಲೇಪನದಲ್ಲಿ ಸೂಜಿಮೊನೆಯಷ್ಟು ದೋಷವಿದ್ದರೂ ಅಲ್ಲಿಂದಲೇ ಒಳಗಿನ ತಾಮ್ರಕ್ಕೆ ದಾರಿ ಮಾಡಿಕೊಳ್ಳುತ್ತದೆ.

ಬಾಟಲಿಯ ಕುಡಿಯುವ ನೀರು ಶುದ್ಧವೆಂಬ ನಂಬಿಕೆಯೂ ಇಲ್ಲಿ ನಡೆಯುವುದಿಲ್ಲ. ಬಾಯಿಗೆ ಹಿತವಾಗಲೆಂದು ಅದರಲ್ಲಿ ಅನೇಕ ವೇಳೆ ಖನಿಜಗಳನ್ನು ಸೇರಿಸಿರುತ್ತಾರೆ. ಮನೆಯ ಆರ್‌ಓ ಯಂತ್ರ ಲವಣವನ್ನು ಬಹುಮಟ್ಟಿಗೆ ಕಡಿಮೆ ಮಾಡಿದರೂ ಪೂರ್ತಿ ತೆಗೆಯುವುದಿಲ್ಲ, ಕೆಲವು ಯಂತ್ರಗಳು ಕೊನೆಯ ಹಂತದಲ್ಲಿ ಖನಿಜವನ್ನು ಮರಳಿ ಬೆರೆಸುತ್ತವೆ. ಕುದಿಸಿ ಸೋಸಿದ ನೀರಿನಲ್ಲಿ ಸುಣ್ಣದ ಒಂದಷ್ಟು ಪಾಲು ಹೋಗುತ್ತದೆ, ಕ್ಲೋರೈಡ್ ಹಾಗೆಯೇ ಉಳಿಯುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರೂ ಭಟ್ಟಿ ಇಳಿಸಿದ ನೀರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅದು ಧೂಳು ಮೆತ್ತಿದ ಕಾಯಿಲ್ ಮೇಲೆ ಹರಿದು, ಪಾಚಿಗಟ್ಟಿದ ಕೊಳವೆಯಲ್ಲಿ ಇಳಿದು ಬಂದಿರುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ಉಳಿಯುವುದು ಎರಡು, ಡಿಸ್ಟಿಲ್ಡ್ ಮತ್ತು ಡಿಅಯನೈಸ್ಡ್. ಮೊದಲನೆಯದನ್ನು ಆವಿಯಾಗಿಸಿ ಮತ್ತೆ ನೀರಾಗಿಸಿರುತ್ತಾರೆ. ಎರಡನೆಯದನ್ನು ರಾಳದ ಮಣಿಗಳ ಮೂಲಕ ಹಾಯಿಸಿ ಅಯಾನುಗಳನ್ನು ತೆಗೆದಿರುತ್ತಾರೆ, ಆದರೆ ವಿದ್ಯುದಂಶವಿಲ್ಲದ ಸಾವಯವ ವಸ್ತು ಮತ್ತು ಸೂಕ್ಷ್ಮಜೀವಿಗಳನ್ನು ಆ ರಾಳ ಹಿಡಿದಿಡುವುದಿಲ್ಲ. ಈ ಕಾರಣಕ್ಕೆ ನಾನು ಡಿಸ್ಟಿಲ್ಡ್ ನೀರನ್ನೇ ಮೊದಲು ಆರಿಸುತ್ತೇನೆ, ಅದು ಸಿಗದಿದ್ದಾಗ ಇನ್ನೊಂದನ್ನು ಬಳಸಲು ಹಿಂಜರಿಯುವುದಿಲ್ಲ. ಬ್ಯಾಟರಿಗೆ ಹಾಕುವ ನೀರಿನ ಗುಣಮಟ್ಟ ಕ್ಯಾನಿನಿಂದ ಕ್ಯಾನಿಗೆ ಬೇರೆಯಾಗಬಹುದಾದ್ದರಿಂದ ಅಳೆಯದೆ ಹಾಕುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಅಳೆಯುವ ಟಿಡಿಎಸ್ ಮೀಟರ್ 0 ಅಥವಾ 1 ತೋರಿಸಬೇಕು. ಮೀಟರ್ ಇಲ್ಲದವರು ಒರೆಸಿದ ಗಾಜಿನ ತುಂಡಿನ ಮೇಲೆ ಒಂದು ಹನಿ ಬಿಟ್ಟು ನೆರಳಿನಲ್ಲಿ ಒಣಗಲು ಬಿಡಲಿ. ಒಳ್ಳೆಯ ನೀರು ಗುರುತನ್ನೇ ಉಳಿಸುವುದಿಲ್ಲ. ನಲ್ಲಿ ನೀರಿನ ಹನಿ ಒಣಗಿದ ಕಡೆ ಅಂಚು ದಪ್ಪಗಾದ ಬಿಳಿ ಉಂಗುರವೊಂದು ಕೂತಿರುತ್ತದೆ.

ನೀರು ಎಷ್ಟೇ ಶುದ್ಧವಾಗಿರಲಿ, ಅದೊಂದೇ ಸಾಲದು. ತಾಮ್ರದ ಬ್ಲಾಕಿಗೆ, ನೀರಿನ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರನ್ನು ಅಲ್ಯೂಮಿನಿಯಂನದು ಜೋಡಿಸಿ, ಒಳ್ಳೆಯ ಡಿಸ್ಟಿಲ್ಡ್ ನೀರನ್ನೇ ತುಂಬಿದ್ದ ಲೂಪೊಂದು ಕೆಲವು ತಿಂಗಳಲ್ಲೇ ನನ್ನ ಮೇಜಿಗೆ ಬಂತು. ಬ್ಲಾಕಿನ ಮುಚ್ಚಳ ತೆಗೆದಾಗ ರೆಕ್ಕೆಗಳ ನಡುವೆ ಅಂಟಿನಂಥ ಬೂದು ಬಿಳುಪಿನ ಲೋಳೆ ತುಂಬಿತ್ತು, ಬ್ರಶ್ಶಿನಿಂದ ಕೆರೆದರೆ ಎಳೆ ಎಳೆಯಾಗಿ ಬರುತ್ತಿತ್ತು. ಲೋಹ ಎಷ್ಟು ಸುಲಭವಾಗಿ ಕರಗುತ್ತದೆಂದು ಸೂಚಿಸುವ ಅಳತೆಯೇ ಪ್ರಮಾಣ ವಿಭವ, ಅದು ಕಡಿಮೆಯಿದ್ದಷ್ಟೂ ಕರಗುವ ಒಲವು ಹೆಚ್ಚು: ತಾಮ್ರದ್ದು +0.34 ವೋಲ್ಟ್, ಅಲ್ಯೂಮಿನಿಯಂನದು −1.66 ವೋಲ್ಟ್, ಒಂದೇ ನೀರಿನಲ್ಲಿ ಎರಡೂ ಕೂಡಿದರೆ ಲೂಪೇ ಒಂದು ಬ್ಯಾಟರಿಯಾಗಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ಈ ಜೋಡಣೆಯನ್ನು ಯಾವ ನೀರೂ ಉಳಿಸಲಾರದು, ರೇಡಿಯೇಟರನ್ನೇ ಬದಲಿಸಬೇಕು.

ತಾಮ್ರ, ಹಿತ್ತಾಳೆ, ನಿಕಲ್ ಮಾತ್ರ ಇರುವ ಲೂಪಿಗೂ ಸವೆತ ತಡೆಯಲು ನೀರಿಗೆ ಬೆರೆಸುವ ಸಂಯೋಜಕ ಬೇಕು. ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ತಾಮ್ರದ ಮೇಲೆ ತೆಳುವಾದ ಪೊರೆಯಾಗಿ ಕೂತು ಕಿಲುಬು ಹಿಡಿಯದಂತೆ ಕಾಯುತ್ತದೆ. ಇದರ ಜೊತೆಗೆ ಪಾಚಿ ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುವ ಔಷಧವೂ ಇರಬೇಕು. ಹಿಂದೆ ಬೆಳ್ಳಿಯ ಸುರುಳಿಯನ್ನು ನೀರಿಗೆ ಇಳಿಬಿಡುವ ಪದ್ಧತಿಯಿತ್ತು. ನಿಕಲ್ ಲೇಪನದ ಬ್ಲಾಕುಗಳಿರುವಲ್ಲಿ ಬೆಳ್ಳಿಯಂಥ ಇನ್ನೊಂದು ಲೋಹವನ್ನು ಸೇರಿಸುವುದು ನನಗೆ ಸರಿಯೆನಿಸುವುದಿಲ್ಲ. ಕೂಲಂಟುಗಳಿಗೆ ಬೆರೆಸುವ ಗ್ಲೈಕಾಲ್ ಎಂಬ ದ್ರವವನ್ನು ಬಳಸುವುದಾದರೆ ತಯಾರಕರು ಹೇಳಿದ ಪ್ರಮಾಣದಲ್ಲೇ ಬಳಸಿ, ಏಕೆಂದರೆ ತೀರ ತೆಳುವಾದ ಗ್ಲೈಕಾಲ್ ಬ್ಯಾಕ್ಟೀರಿಯಾವನ್ನು ತಡೆಯುವ ಬದಲು ಅದಕ್ಕೆ ಆಹಾರವಾಗುತ್ತದೆ. ಎಥಿಲೀನ್ ಗ್ಲೈಕಾಲ್ ವಿಷ, ಅದರ ರುಚಿ ಸಿಹಿ. ಮಕ್ಕಳು ಮತ್ತು ಸಾಕುಪ್ರಾಣಿಗಳ ಕೈಗೆ, ಬಾಯಿಗೆ ಸಿಗದಂತೆ ಇಡಲೇಬೇಕು. ಎರಡು ಬೇರೆ ತಯಾರಕರ ಸಂಯೋಜಕಗಳನ್ನು ಬೆರೆಸಬೇಡಿ. ಇದನ್ನೆಲ್ಲ ತೂಗಿನೋಡುವ ವ್ಯವಧಾನವಿಲ್ಲದವರಿಗೆ ಸಿದ್ಧ ಬೆರೆಸಿದ, ಬಣ್ಣವಿಲ್ಲದ ಕೂಲಂಟೇ ಉತ್ತಮ. ಹಾಲಿನಂತೆ ಮಬ್ಬಾಗಿ ಕಾಣುವ ಬಣ್ಣದ ದ್ರವಗಳಲ್ಲಿ ಕಣಗಳು ತೇಲುತ್ತಿರುತ್ತವೆ. ಕ್ರಮೇಣ ಅವು ಹೋಗಿ ಸೇರುವುದು ಆ ಸಂದುಗಳಲ್ಲೇ. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ ಕೂಲರುಗಳಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ, ಅವುಗಳನ್ನು ಬಿಚ್ಚುವ ಗೋಜಿಗೆ ಹೋಗಬೇಡಿ.

ಹೊಸ ರೇಡಿಯೇಟರಿನೊಳಗೆ ಬೆಸುಗೆ ಹಾಕುವಾಗ ಬಳಸುವ ಫ್ಲಕ್ಸ್ ಎಂಬ ರಾಸಾಯನಿಕ ಉಳಿದಿರುತ್ತದೆ. ಬಿಸಿಯಾದ ಡಿಸ್ಟಿಲ್ಡ್ ನೀರನ್ನು ಅರ್ಧ ತುಂಬಿ, ಎರಡೂ ಬಾಯಿಗಳನ್ನು ಮುಚ್ಚಿ ಕುಲುಕಿ ಬಿಳಿಯ ಬಟ್ಟಲಿಗೆ ಸುರಿದರೆ ಕಪ್ಪು ಚೂರುಗಳು ತಳಕ್ಕೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಬಟ್ಟಲು ಶುಭ್ರವಾಗಿ ಕಾಣುವವರೆಗೆ, ಹೊರಬಂದ ನೀರಿನ ಟಿಡಿಎಸ್ ಹಾಕಿದ ನೀರಿನ ಹತ್ತಿರಕ್ಕೆ ಬರುವವರೆಗೆ ಇದನ್ನೇ ಮಾಡುತ್ತೇನೆ. ನಾಲ್ಕೈದು ಸಲವಾದರೂ ಬೇಕಾಗುತ್ತದೆ. ಆಮೇಲೆ ಲೂಪು ತುಂಬಿ ಒಂದು ದಿನ ಓಡಿಸಿ, ಅಂದಿನ ಟಿಡಿಎಸ್ ಮತ್ತು ತಾರೀಕನ್ನು ಚೀಟಿಯಲ್ಲಿ ಬರೆದು ರಿಸರ್ವಾಯರಿಗೆ (ಲೂಪಿನ ನೀರಿನ ತೊಟ್ಟಿಗೆ) ಅಂಟಿಸುತ್ತೇನೆ. ಸಂಯೋಜಕದಿಂದಲೇ ಆ ಅಂಕಿ ಮೇಲಿರುತ್ತದೆ, ಅದಕ್ಕೆ ಗಾಬರಿ ಬೇಡ. ಮೂರು ತಿಂಗಳ ನಂತರ ಅದು ಎಷ್ಟು ಏರಿದೆ ಎಂಬುದನ್ನು ಗಮನಿಸಬೇಕು. ಆರು ತಿಂಗಳಿಂದ ಒಂದು ವರ್ಷದೊಳಗೆ ದ್ರವವನ್ನು ಬದಲಿಸಬೇಕು. ಅದಕ್ಕೂ ಮೊದಲೇ ಅಂಕಿ ಜಿಗಿದಿದ್ದರೆ, ಅಥವಾ ಬ್ಲಾಕಿನ ಪಾರದರ್ಶಕ ಮುಚ್ಚಳದಡಿ ಹಸಿರು ಛಾಯೆ ಕಂಡರೆ, ನೀರು ಬದಲಿಸಿ ಸುಮ್ಮನಾಗದೆ ಬ್ಲಾಕನ್ನು ಬಿಚ್ಚಿ ರೆಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿ.